ಎದುರುಬದುರು ಮೆಷಿನ್ನುಗಳು

ಮನೆಯಿಂದ,
ಮಾರ್ಚ್ ೧೨, ಗುರುವಾರ

ಮುದ್ದು ಪುಟ್ಟಿಗೆ ಅಜ್ಜಿಯ ಆಶೀರ್ವಾದಗಳು.

ಆರೋಗ್ಯ ತಾನೆ? ಆ ದೇಶದ ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡುತ್ತೀಯಷ್ಟೆ? ಫೋನಿನಲ್ಲಿ ಏನು ಕೇಳಿದರೂ ‘ಹ್ಞೂಂ ಅಜ್ಜಿ’ ಎನ್ನುತ್ತೀ, ಅದಕ್ಕೇ ಈ ಕಾಗದ. ಇಲ್ಲಿ ನನ್ನ ಮಂಡಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ ಮಾತು ಕೇಳುತ್ತಿದೆ.

ನಿಮ್ಮ ಸಂಸ್ಥೆ ಕಟ್ಟಿಸಿಕೊಟ್ಟ ಹೊಲಿಗೆ ಕೇಂದ್ರ ಚೆನ್ನಾಗಿದೆ. ಬೆಳಕು, ಫ್ಯಾನು, ಹೊಸ ಮೆಷಿನ್ನು, ಯಾವುದಕ್ಕೂ ಹೆಸರಿಡುವ ಹಾಗಿಲ್ಲ. ನಾನೂ ದಾರದ ತುದಿ ಕತ್ತರಿಸುವ ನೆಪದಲ್ಲಿ ನಿನ್ನ ಅಮ್ಮನ ಜೊತೆ ಹೋಗಿ ಕೂರುತ್ತೇನೆ. ಆದರೆ ಶಾಲೆಯ ಚೀಲಗಳು ಹಳೆಯ ಜಗಲಿಯಲ್ಲಿ ಆಗುತ್ತಿದ್ದಷ್ಟು ಇಲ್ಲಿ ಆಗುತ್ತಿಲ್ಲ. ಕಾರಣ ನಾನು ಹೇಳುತ್ತೇನೆ ಕೇಳು. ಜಗಲಿಯಲ್ಲಿ ಎಲ್ಲರೂ ಎದುರುಬದುರು ಕೂರುತ್ತಿದ್ದರು. ಒಬ್ಬಳ ಮುಂದೆ ಕೆಲಸ ರಾಶಿ ಬಿದ್ದರೆ ಎದುರಿನವಳು ಸದ್ದಿಲ್ಲದೆ ನಾಲ್ಕು ಚೀಲ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ನಮ್ಮಲ್ಲಿ ‘ಸ್ವಲ್ಪ ಕೈ ಹಾಕೇ’ ಎಂದು ಬಾಯಿಬಿಟ್ಟು ಕೇಳುವವರುಂಟೇ? ಕೇಳುವ ತನಕ ಸುಮ್ಮನಿದ್ದವಳಿಗೇ ಅವಮಾನ. ಹೊಸ ಕೇಂದ್ರದಲ್ಲಿ ಬಸ್ಸಿನ ಸೀಟಿನ ಹಾಗೆ ಸಾಲಾಗಿ ಕೂರಿಸಿದ್ದಾರೆ. ಕಣ್ಣಿಗೆ ಬೀಳುವುದು ಮುಂದಿನವಳ ಜಡೆ ಮಾತ್ರ.

ನಿಮ್ಮ ಮೇಲ್ವಿಚಾರಕ ಕೆಟ್ಟವನೇನಲ್ಲ, ನನ್ನನ್ನು ಕಂಡರೆ ಎದ್ದು ಕುರ್ಚಿ ಕೊಡುತ್ತಾನೆ. ನಾವೇ ಒಂದು ಸಂಜೆ ಮೆಷಿನ್ನುಗಳನ್ನು ತಿರುಗಿಸಿಟ್ಟೆವು. ಮರುದಿನ ನಗುನಗುತ್ತಲೇ ಮತ್ತೆ ಸಾಲು ಮಾಡಿಸಿದ. “ಕಷ್ಟ ಆದ್ರೆ ಕೈ ಎತ್ತಿ, ಪಕ್ಕದವರು ಬರ್ತಾರೆ” ಎಂದ. ಒಂದು ಕೈಯೂ ಮೇಲೇಳಲಿಲ್ಲ, ಎಲ್ಲರೂ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಬಿಟ್ಟರು. ಈಗ ಕೊನೆಯ ಸಾಲಿನವಳೊಬ್ಬಳು ತೀರಾ ನಿಧಾನ, ಅವಳನ್ನು ಕೆಲಸದಿಂದ ಬಿಡಿಸಬೇಕು ಎಂದು ನಿಮ್ಮ ಆಫೀಸಿಗೆ ಬರೆದಿದ್ದಾನಂತೆ. ಹೆಸರು ಹಾಕಿಲ್ಲ, ಮೆಷಿನ್ನಿನ ನಂಬರು ಅಷ್ಟೆ. ಅದು ಬರುವುದು ನಿನ್ನ ಮೇಜಿಗೇ. ಈ ಸಾಲುಗಳ ನಕ್ಷೆಗೆ ಒಪ್ಪಿಗೆ ಕೊಟ್ಟವಳೂ ನೀನೇ ಅಂತೆ. ಇರಲಿ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಸಹಿ ಹಾಕುವ ಮೊದಲು ಒಂದು ತಿಂಗಳು ಮೆಷಿನ್ನುಗಳನ್ನು ಎದುರುಬದುರು ಇಡಲು ಹೇಳು.

ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಬಾಳು.

ನಿನ್ನ
ಅಜ್ಜಿ

ತಾ.ಕ.: ಆ ಕೊನೆಯ ಸಾಲಿನವಳು ನಿನ್ನ ಅಮ್ಮ. ಮಳೆಗಾಲದಿಂದ ಅವಳ ಬೆರಳ ಗಂಟುಗಳು ಊದಿವೆ. ಈ ಮಂಡಿ ಇಟ್ಟುಕೊಂಡು ಅವಳ ಬದಲು ನಾನು ಮೆಷಿನ್ನು ತುಳಿಯಲಾರೆ. ನಿನಗೆ ತಿಳಿಸಬೇಡ ಎಂದು ಆಣೆ ಹಾಕಿದ್ದಾಳೆ. ಫೋನಿನಲ್ಲಿ ವಿಚಾರಿಸಬೇಡ, ‘ಚೆನ್ನಾಗಿದೀನಿ’ ಅಂದುಬಿಡುತ್ತಾಳೆ. ಬಂದು ಎದುರಿಗೆ ಕೂರು.