ಭಾನುವಾರದ ಲೋಟ

ಸೆಪ್ಟೆಂಬರ್ ೪, ಗುರುವಾರ

...ಆದರೆ ಲೋಟದ ವಿಷಯ ನಿನ್ನೆ ಬರೆಯದೆ ಉಳಿದೇ ಹೋಯಿತು. ಹೆಡ್‌ಮೇಡಂ ಕೇಳಿದ್ದು ಶಾಲೆಯ ಹಿಸ್ಟರಿ, ಮೂರೇ ಪುಟ, ಸೊವೆನೀರಿಗೆ. ನಾನು ಎರಡು ಪುಟ ಬರೀ ಕಿಟಕಿಗಳ ಬಗ್ಗೆ ಬರೆದು ಕೂತಿದ್ದೇನೆ. ಅಲ್ಲೇ ಓದಿ, ಅಲ್ಲೇ ಭೂಗೋಳ ಕಲಿಸಿ, ಅಲ್ಲೇ ಕೂದಲು ಬೆಳ್ಳಗಾದವನಿಗೆ ಇಸವಿಗಿಂತ ಕಿಟಕಿಯೇ ಮೊದಲು ನೆನಪಾಗುತ್ತದೆ. ಕೊನೆಯ ಪೀರಿಯಡ್ಡಿಗೆ ಬಿಸಿಲು ಬೆಂಚುಗಳ ಮೇಲೆ ಉದ್ದಕ್ಕೆ ಮಲಗಿರುತ್ತಿತ್ತು. ಅರ್ಧ ಕ್ಲಾಸೂ ಅದರ ಜೊತೆಗೆ.

ಇರಲಿ, ಲೋಟ. ಶಾಲೆ ಕಟ್ಟಿದವರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದೆವು. ಸರ್ಕಾರದ ಹಂಗಿಲ್ಲ, ಟ್ರಸ್ಟಿನ ಹಂಗಿಲ್ಲ. ತಮ್ಮದೇ ಮನೆ, ತಮ್ಮದೇ ಹಠ. ಕೆಳಗೆ ಕ್ಲಾಸು, ಮೇಲೆ ಹಾಸ್ಟೆಲ್. ಸಂಜೆ ಗಂಟೆ ಹೊಡೆದರೆ ಡೇ ಸ್ಕಾಲರುಗಳು ಹೋ ಎಂದು ಮನೆಗೆ ಓಡುವುದು, ಹಾಸ್ಟೆಲಿನ ನಾವು ಮೆಟ್ಟಿಲ ಮೇಲೆ ಕೂತು ಅವರ ಬೆನ್ನು ನೋಡುವುದು. ದೊಡ್ಡಮ್ಮ ಅದನ್ನೊಮ್ಮೆ ಕಂಡರಂತೆ. ಅಂದಿನಿಂದ ಹಾಸ್ಟೆಲಿನ ಪ್ರತಿ ಮಗುವಿಗೂ ಊರಲ್ಲೊಂದು ಭಾನುವಾರದ ಮನೆ. ಊಟಕ್ಕೆ ಹೋಗುವಾಗ ತನ್ನ ಲೋಟ ತಾನೇ ಒಯ್ಯಬೇಕು. ಮನೆ ಹಿಡಿಸಿತೋ, ಲೋಟ ಅಲ್ಲೇ ಬಿಟ್ಟು ಬರುವುದು. ಹಿಡಿಸಲಿಲ್ಲವೋ, ವಾಪಸ್ ತರುವುದು. ಯಾರೂ ಬಾಯಿಬಿಟ್ಟು ಕೇಳುವಂತಿಲ್ಲ. ದೊಡ್ಡಮ್ಮ ಗೇಟಿನಲ್ಲಿ ನಿಂತು ನಮ್ಮ ಕೈ ಮಾತ್ರ ನೋಡುತ್ತಿದ್ದರು.

ಇಂಗ್ಲಿಷಿನಲ್ಲಿ ಇದಕ್ಕೊಂದು ಚಂದದ ಮಾತಿದೆ. ಹೋಮ್ ಅವೇ ಫ್ರಮ್... ಫ್ರಮ್ ಏನೋ. ಕಾಲೇಜಿನಲ್ಲಿ ಬಾಯಿಪಾಠವಿತ್ತು.

ಸೆಪ್ಟೆಂಬರ್ ೫, ಶುಕ್ರವಾರ

ನನಗೆ ಸಿಕ್ಕ ಭಾನುವಾರದ ಮನೆ ಇವಳದು, ಮುಂದೆ ನನ್ನ ಹೆಂಡತಿಯಾದವಳದು. ನನ್ನ ಕ್ಲಾಸೇ, ಡೇ ಸ್ಕಾಲರ್. ಮೊದಲ ದಿನವೇ ಲೋಟ ಬಿಟ್ಟು ಬಂದೆ. “ಬಿಟ್ಟು ಹೋಗಿದ್ದಲ್ಲ, ಮರೆತು ಹೋಗಿದ್ದು. ಆಗಿಂದಲೂ ಮರೆಗುಳಿನೇ ನೀವು” ಎಂದು ಕೊನೆಯವರೆಗೂ ಕಾಡಿಸಿದಳು. ಮದುವೆಯಾಗಿ ಬಂದಾಗ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಸುತ್ತಿ ಅದನ್ನೇ ತಂದಿದ್ದಳು. ಅಡುಗೆಮನೆಯ ಶೆಲ್ಫಿನಲ್ಲಿ ಇಟ್ಟಳು. ಅದರ ಪಕ್ಕದಲ್ಲಿ ವರ್ಷವರ್ಷವೂ ಯಾವುದೋ ಮಗುವಿನ ಲೋಟ ಇರುತ್ತಿತ್ತು.

ಅವಳು ತೀರಿಹೋದ ಮೇಲೆ ಭಾನುವಾರ ಮಕ್ಕಳು ಬೇಡವೆಂದು ಶಾಲೆಗೆ ನಾನೇ ಹೇಳಿಕಳಿಸಿದೆ. ಈಗ ನನ್ನದೊಂದೇ ಇದೆ.

ಹಿಸ್ಟರಿ ಒಂದು ಸಾಲೂ ಮುಂದೆ ಹೋಗಲಿಲ್ಲ.

ಸೆಪ್ಟೆಂಬರ್ ೯, ಮಂಗಳವಾರ

ಹೆಡ್‌ಮೇಡಂ ಬಂದಿದ್ದರು. ನಿಂತೇ ಮಾತು.

“ಸರ್, ಹಿಸ್ಟರಿ ಎಲ್ಲಿಗೆ ಬಂತು?”

“ಕಿಟಕಿವರೆಗೂ ಬಂದಿದೆ.”

“ಕಿಟಕಿ ಇರ್ಲಿ. ಒಬ್ಬಳು ಹುಡುಗಿ ಇದಾಳೆ, ಈ ವರ್ಷ ಸೇರಿದ್ದು. ಹೋದ ಎರಡು ಮನೆಯಿಂದಲೂ ಲೋಟ ವಾಪಸ್ ತಂದ್ಳು. ಬೇರೆ ಮನೆ ಇಲ್ಲ ಸರ್. ಈಗ ಯಾರಿಗಿದೆ ಪುರುಸೊತ್ತು? ನಿಮ್ಮಲ್ಲೂ ಆಗ್ಲಿಲ್ಲ ಅಂದ್ರೆ ಈ ಪದ್ಧತಿನೇ ನಿಲ್ಲಿಸಿಬಿಡ್ತೀನಿ. ಎಲ್ಲಾ ಮೆಸ್ಸಲ್ಲೇ ಊಟ ಮಾಡ್ಲಿ.”

“ಒಂಟಿ ಗಂಡಸಿನ ಮನೆ, ಮೇಡಂ.”

“ನಿಮ್ಮ ನಾದಿನಿಗೆ ಆಗ್ಲೇ ಹೇಳಿ ಬಂದೆ. ಅಡುಗೆಗೆ ಅವರೇ ಬರ್ತಾರೆ.”

ಹೆಂಡತಿಯ ತಂಗಿ ಪಕ್ಕದ ಬೀದಿಯಲ್ಲೇ ಇರುವುದು. ನನ್ನನ್ನು ಕೇಳುವ ಮೊದಲು ಅವಳನ್ನು ಕೇಳಿ ಬಂದಿದ್ದಾರೆ. ಹೆಡ್‌ಮೇಡಂ ನನ್ನ ಕೈಯಲ್ಲೇ ಭೂಗೋಳ ಕಲಿತವರು. ಬಳಸುದಾರಿ ಚೆನ್ನಾಗಿ ಗೊತ್ತು.

ಹೂಂ ಅಂದೆ. ಯಾಕೆ ಅಂದೆನೋ.

ಸೆಪ್ಟೆಂಬರ್ ೧೩, ಶನಿವಾರ

ಮನೆ ಗುಡಿಸಿದೆ. ಕಿಟಕಿ ಪಕ್ಕದ ಕುರ್ಚಿ— ಅವಳದು— ಒಳಗಿಡೋಣವೆಂದು ಎತ್ತಿದೆ. ಮತ್ತೆ ಅಲ್ಲೇ ಇಟ್ಟೆ.

ಸೆಪ್ಟೆಂಬರ್ ೧೪, ಭಾನುವಾರ, ಸಂಜೆ

ಬಂದಳು. ಎರಡು ಜಡೆ, ಕೈಯಲ್ಲಿ ಸ್ಟೀಲ್ ಲೋಟ. ಬಿಟ್ಟರೆ ಯಾರೋ ಕಸಿದುಕೊಳ್ಳುತ್ತಾರೆ ಎಂಬಂತೆ ಹಿಡಿದಿದ್ದಳು.

ಊಟಕ್ಕೆ ಕೂತೆವು. ಮನೆಯ ನೆನಪು ತೆಗೆಯಬಾರದು— ಭಾನುವಾರದ ಮನೆಗಳಿಗೆಲ್ಲ ಗೊತ್ತಿರುವ ಮಾತು. ಹೊಸಬರಿಗೆ ಹೇಳಿಕೊಡುತ್ತಿದ್ದವನೇ ನಾನು. ಆದರೂ ಬಾಯಿಂದ ಜಾರಿಯೇ ಬಿಟ್ಟಿತು.

“ಅಮ್ಮನ ನೆನಪಾಗುತ್ತೇನಮ್ಮ?”

ತುತ್ತು ತಟ್ಟೆಗೆ ಇಳಿಯಿತು. ನಾದಿನಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಆಮೇಲೆ ಹುಡುಗಿಗೆ ಕೇಳಲೆಂದೇ ಜೋರಾಗಿ, “ಭಾವ, ನಿಮಗೆ ಬಡಿಸಿದ್ದು ತಿನ್ನೋದಕ್ಕೆ, ಬಾಯಿ ಖಾಲಿ ಬಿಡೋದಕ್ಕಲ್ಲ!”

ನಗಲಿಲ್ಲ ಹುಡುಗಿ. ತಟ್ಟೆಯಲ್ಲಿ ಅರ್ಧ ಉಳಿಯಿತು. ಎದ್ದು ಕೈ ತೊಳೆದು ನೇರ ಹೋಗಿ ಆ ಕುರ್ಚಿಯಲ್ಲಿ ಕೂತಳು. ಲೋಟ ಮಡಿಲಲ್ಲಿ. ಮುಗಿಯಿತು, ಕೆಡಿಸಿದೆ ಅಂದುಕೊಂಡೆ. ನನ್ನ ಒಂದು ಮಾತಿಗೆ ಇವಳ ಭಾನುವಾರ ಹೋಯಿತು, ದೊಡ್ಡಮ್ಮನ ಪದ್ಧತಿಯೂ ಹೋಯಿತು.

ಸ್ವಲ್ಪ ಹೊತ್ತಿಗೆ ನೋಡಿದರೆ ನಿದ್ದೆ. ಬಾಯಿ ತೆರೆದು, ಒಂದು ಚಪ್ಪಲಿ ಜಾರಿ... ಬಿಸಿಲು ಮೊಣಕಾಲಿನಿಂದ ಭುಜಕ್ಕೆ ಏರಿತು. ನಾದಿನಿ, ನಾನು ಪಿಸುಮಾತೂ ಆಡಲಿಲ್ಲ. ನನಗೂ ಜೊಂಪು. ಶಾಲೆಯ ಕಿಟಕಿಯೋ ಮನೆಯದೋ, ಕುರ್ಚಿಯಲ್ಲಿರುವುದು ಯಾರೋ, ಒಂದು ಗಳಿಗೆ ತಿಳಿಯಲಿಲ್ಲ. ತಿಳಿಯುವುದೂ ಬೇಕಿರಲಿಲ್ಲ.

ಎದ್ದವಳೇ ಕೇಳಿದಳು, “ತಾತ, ಇದು ಯಾರ ಕುರ್ಚಿ?”

“ಅಜ್ಜಿದು.”

“ಹಾಸ್ಟೆಲ್ ರೂಮಲ್ಲಿ ಎಲ್ಲಾ ಗಲಾಟೆ. ಇಲ್ಲಿ ಯಾರೂ ಎಬ್ಬಿಸಲೇ ಇಲ್ಲ.”

“ಎಬ್ಬಿಸಬೇಕಿತ್ತಾ?”

ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು. ಆಮೇಲೆ ಬಾಯಾರಿಕೆ ಎಂದು ಒಳಗೆ ಹೋದಳು. ನೀರಿನ ಸದ್ದು. ನಾದಿನಿ ಹಾಸ್ಟೆಲಿಗೆ ಬಿಡಲು ಹೊರಟಾಗ ನಾನು ಬಾಗಿಲಿಗೆ ಬೆನ್ನು ಹಾಕಿ ಪರದೆ ಸರಿಮಾಡುತ್ತ ನಿಂತೆ. ಕೈ ನೋಡುವ ಧೈರ್ಯ ಬರಲಿಲ್ಲ. ದೊಡ್ಡಮ್ಮ ಅಷ್ಟು ವರ್ಷ ಗೇಟಿನಲ್ಲಿ ಹೇಗೆ ನಿಂತರೋ.

ಅವರು ಹೋಗಿ ಬಹಳ ಹೊತ್ತಾಯಿತು. ಅಡುಗೆಮನೆಗೆ ಹೋಗಿ ನೋಡಬಹುದು. ಹೋಗದೆ ಇದನ್ನು ಗೀಚುತ್ತ ಕೂತಿದ್ದೇನೆ. ಹೋಮ್ ಅವೇ ಫ್ರಮ್... ಇನ್ನೂ ನೆನಪಾಗಿಲ್ಲ.

ಅಕ್ಷರ ಕಾಣುತ್ತಿಲ್ಲ, ಬೆಳಕು ಹೋಗುತ್ತಿದೆ. ಕೊನೆಯದೊಂದು ತುಣುಕು ಕುರ್ಚಿ ದಾಟಿ, ಹಜಾರ ದಾಟಿ, ಒಳಗೆ ಶೆಲ್ಫಿನವರೆಗೂ ಹೋಗಿದೆ. ಇಲ್ಲಿಂದಲೇ ಕಾಣುತ್ತಿದೆ— ನನ್ನ ಲೋಟ. ಅದಕ್ಕೆ ಒತ್ತಿಕೊಂಡು, ಬೋರಲಾಗಿ, ಇನ್ನೂ ನೀರಾರದ ಇನ್ನೊಂದು...