ಓದದೆ ಬಿಟ್ಟ ಸಾಲು

೨೭ ಫೆಬ್ರುವರಿ ೧೯೪೫, ಮಸ್ಕಿ

ರಜಾದ ಮೂರನೇ ದಿನ. ಮುಂಜಾನಿಂದ ಒಂದು ಸೈಕಲ್, ಎರಡು ಕಂದೀಲು, ದರ್ಜಿ ಹಾಜಿಸಾಬರ ಹೊಲಿಗಿ ಮಿಷನ್. ನೇವಿ ಯಾರ್ಡಿನ್ಯಾಗ ವಿಮಾನದ ಎಂಜಿನ್ ರಿಪೇರಿ ಮಾಡಾಂವಗ ಇದೇನು ದೊಡ್ಡದು ಅಂತಾರ.

ಗೌಡರು ಕಟ್ಟಿ ಮ್ಯಾಲೆ ಕೂಡು ಅಂದ್ರು. ಅಪ್ಪ ಸಾಯೋತನಕ ಆ ಕಟ್ಟಿ ಕೆಳಗ ನಿಂತಾನ, ಕುಂತಿಲ್ಲ. ಕುಂತೆ. ಬೆನ್ನು ಬೆವೆತಿತ್ತು.

ಮಾರ್ಚ್ ೧೨ಕ್ಕ ಲಗ್ನ. ಹುಡುಗಿ ಗುರುಗುಂಟಾದ ಗದ್ದೆಮ್ಮ. ಅವ್ವನ ಕಾಲು ನೆಲದ ಮ್ಯಾಲಿಲ್ಲ.

೨ ಮಾರ್ಚ್

ಸಿಂಧನೂರಿಂದ ಬುಡ್ಡೇಸಾಬ್ ಕಾಕಾ ಬಂದಿದ್ರು. ಅಲ್ಲಾಭಕ್ಷ್‌ನ ಅಪ್ಪ. ಪಿಂಜಾರರು, ಗಾದಿ ತುಂಬೋರು. ಅಲ್ಲಾಭಕ್ಷ್ ಇಲ್ದಿದ್ರ ನಾ ಯಾರ್ಡ್ ಕಾಣ್ತಿರಲಿಲ್ಲ — ಜಿನ್ನಿಂಗ್ ಮಿಲ್ಲಿನ್ಯಾಗ ಎಂಜಿನ್ ಕೆಲಸ ಕಲಿಸಿದಾಂವ ಅವ, ಮದ್ರಾಸ್ ಸೀಮಿಗೆ ಕರಕೊಂಡು ಹೋದಾಂವ ಅವ.

"ಮಗಂದು ಕಾಗದ. ಯಾರ್ಡಿಂದ ಬಂದಾಂವ ಒಬ್ಬ ಕೈಯಾಗ ಕೊಟ್ಟು ಹೋದ. ಬ್ಯಾರೆಯವರಿಗೆ ತೋರಿಸಿಲ್ಲ. ನೀ ಓದು ತಮ್ಮಾ."

ಉರ್ದು, ಸಾಲ್ಯಾಗ ಕಲಿತದ್ದು. ಓದಿದೆ. ರಿಪೇರಿ ಆದ ಎಂಜಿನ್ ಮುಗಿಲಿಗೆ ಹೋದ ಮ್ಯಾಲೆ ನಿಂತೈತಿ. ವಿಮಾನ ಬಿದ್ದೈತಿ. ಹಾರಿಸಾಕತ್ತಿದ್ದ ಸಾಹೇಬ ಸತ್ತಾನ. ಎಣ್ಣಿ ಪೈಪಿನ ನಟ್ಟು ಸಡಲಬಾರದಂತ ತಂತಿ ಕಟ್ಟಬೇಕು, ಕಟ್ಟಿದ್ದಿಲ್ಲ. ಕೆಲಸ ಮುಗಿತು ಅನ್ನೋ ಕಾರ್ಡಿನ ಮ್ಯಾಲೆ ಅಲ್ಲಾಭಕ್ಷ್‌ನ ಸಹಿ. ಅವನ್ನ ಗಾರ್ಡ್‌ರೂಮಿನ್ಯಾಗ ಕೂಡಿ ಹಾಕ್ಯಾರ. ೧೫ಕ್ಕ ವಿಚಾರಣಿ.

ಮುಂದಿನ ಸಾಲು ಕಣ್ಣಿಗೆ ಬಿತ್ತು. ಬಾಯಿಗೆ ಬರಲಿಲ್ಲ. ಅದನ್ನ ಬಿಟ್ಟು ಕೆಳಗಿನ ಸಲಾಮ್ ಓದಿದೆ.

"ಇಷ್ಟೇ ಏನು?"

"ಇಷ್ಟೇ ಕಾಕಾ."

ಕಾಗದ ನಿನ್ನ ಹತ್ರಾನೇ ಇರಲಿ ಅಂದ್ರು. ನೀರು ಕುಡಿದು ಹೋದ್ರು.

೩ ಮಾರ್ಚ್

ಆ ಸಾಲು — 'ದುರುಗಪ್ಪನ ಹೆಸರು ನಾ ಹೇಳಿಲ್ಲ. ಅವನ ಲಗ್ನ ಐತಿ.'

ದುರುಗಪ್ಪ ನಾನೇ. ತಂತಿ ಕಟ್ಟೋ ಕೆಲಸ ನಂದು. ರಜಾದ ಲಾರಿ ಗೇಟಿನ್ಯಾಗ ಹಾರ್ನ್ ಹೊಡಿಯಾಕತ್ತಿತ್ತು. ತಂತಿಗೆ ಸ್ಟೋರಿನತನಕ ಹೋಗಬೇಕಿತ್ತು... ಹೋಗಲಿಲ್ಲ. "ಎಲ್ಲಾ ಆತೇನಲೇ?" ಅಂದ ಅಲ್ಲಾಭಕ್ಷ್. "ಆತು, ಸಹಿ ಹಾಕು" ಅಂದೆ. ನೋಡದೇ ಹಾಕಿದ. ನನ್ನ ಮಾತಿನ ಮ್ಯಾಲೆ.

೮ ಮಾರ್ಚ್

ನಾಕು ದಿನ ಬರಿಲಿಲ್ಲ. ಸತ್ತಾಂವ ಯಾವ ಸಾಹೇಬ ಅಂತ ಕಾಗದದಾಗ ಇಲ್ಲ. ಟೆಸ್ಟಿಗೆ ಹಾರಿಸೋರು ನಾಕು ಮಂದಿ. ದಿನಾ ನಾಕೂ ಮಂದಿ ಸಾಯಾಕತ್ತಾರ.

ಅವ್ವಗ ಹೇಳಿದೆ. ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ.

"ನಿನ್ನ ಯಾರರ ಕೇಳ್ಯಾರೇನು?"

"ಇಲ್ಲ."

"ಮತ್ತ ಬಾಯಿ ಮುಚ್ಕೊಂಡು ಬಾಸಿಂಗ ಕಟ್ಟಿಕೋ. ನಮ್ಮಂಥವರಿಗೆ ಇನ್ನೊಮ್ಮೆ ಯಾರು ಕರೆದು ಕೆಲಸ ಕೊಡ್ತಾರ?"

ಖರೇ. ಹೋದ್ರ ಜೇಲು. ಇಲ್ಲಿದ್ರ — ಇದೂ ಜೇಲೇ. ಹೊರಗ ಹಂದರದ ಕಂಬ ನೆಡಾಕತ್ತಾರ. ಒಂದೊಂದು ಏಟೂ ಎದಿಗೆ ಬೀಳತೈತಿ.

೧೦ ಮಾರ್ಚ್, ಸಿಂಧನೂರು

ಸಿಕ್ಕ ಗಾಡಿ ಹತ್ತಿ ಬಂದೆ. ಕಾಕಾ ಗಾದಿಗೆ ಅರಳಿ ಹಿಂಜಾಕತ್ತಿದ್ರು.

"ಒಂದು ಸಾಲು ಬಿಟ್ಟಿದ್ದೆ ಕಾಕಾ."

ಓದಿದೆ. ತಂತಿದೂ ಹೇಳಿದೆ. ಬೈಲಿಲ್ಲ, ಹೊಡಿಲಿಲ್ಲ. ಗಡ್ಡದಾಗ ಹತ್ತಿ ಎಳಿ, ತೆಗಿಲೂ ಇಲ್ಲ. ಹಿಂಜೋ ಬಿಲ್ಲು ಕೆಳಗಿಟ್ಟು ಅಂದ್ರು —

"ಅವತ್ತು ನಿನ್ನ ಮನಿ ನೀರು ಕುಡಿದು ಬಂದೆನಲ್ಲೋ."

ಕಾಗದ ಅವರ ಮುಂದ ಇಟ್ಟೆ.

"ನನಗ ಹೇಳಿದ್ರೇನು ಬಂತು? ಅಲ್ಲಿ ಹೇಳ್ತೀಯೇನು?"

"ಹೇಳ್ತೀನಿ."

"ನಾನೂ ಬರತೀನಿ. ಇನ್ನ ನಿನ್ನ ಒಬ್ಬನ್ನೇ ಬಿಡಾಂಗಿಲ್ಲ."

ಲಗ್ನ ನಿಲ್ಲಿಸ್ರಿ ಅಂತ ಗುರುಗುಂಟಾಕ್ಕ ಚೀಟಿ ಕಳಿಸಿದೆ. ಕಾರಣ ಸುದ್ದಾ ಬರೆದೆ. ಅವ್ವಗ ಏನೂ ಬರಿಯಾಕ ಆಗಲಿಲ್ಲ.

೧೫ ಮಾರ್ಚ್, ಯಾರ್ಡ್, ಮುಂಜಾನಿ ೯

ಗೇಟಿನ್ಯಾಗ ಹೆಸರು ಬರೆದುಕೊಟ್ಟೆ. ವಿಚಾರಣಿ ರೂಮಿನ ಹೊರಗ ಬೆಂಚಿನ ಮ್ಯಾಲೆ ಕುಂತೀನಿ. ಕಾಕಾನ್ನ ಒಳಗ ಬಿಟ್ಟಿಲ್ಲ, ಬೇಲಿ ಹಿಡಕೊಂಡು ನಿಂತಾರ. ಹ್ಯಾಂಗರಿನ್ಯಾಗ ಯಾವುದೋ ಎಂಜಿನ್ ಚಾಲೂ ಮಾಡ್ಯಾರ. ತೊಡಿ ಮ್ಯಾಲೆ ಇಟ್ಟು ಬರಿಯಾಕತ್ತೀನಿ, ಅಕ್ಷರ ಸೊಟ್ಟ.

ಅಲ್ಲಾಭಕ್ಷನ್ನ ಕರಕೊಂಡು ಬರಾಕತ್ತಾರ. ಇಬ್ಬರು ಸಿಪಾಯಿ. ಸೊರಗ್ಯಾನ. ನನ್ನ ನೋಡಿದ. ನಿಂತ. ಬ್ಯಾಡ ಅಂತ ತಲಿ ಅಲ್ಲಾಡಿಸಾಕತ್ತಾನ — ಬ್ಯಾಡ, ಬ್ಯಾಡ.

ಒಳಗಿಂದ ಕರೆದ್ರು. ಅವನ ಹೆಸರು. ಅವನಕಿಂತ ಮೊದಲು ನಾ ಎದ್ದು ಒಳಗ ಹೊಂಟೀನಿ, ತಂತಿ ನಾ ಕಟ್ಟಲಿಲ್ಲ ಅಂತ ಹೇಳಾಕ.