ಬಟ್ಟೆ ಉಳಿಸಿದವಳು

೧೪, ಮಂಗಳವಾರ

ಕತ್ತರಿ ಅಕ್ಕ ಇವತ್ತು ಕೆಲಸ ಬಿಟ್ಟಳು. ಒಂಬತ್ತು ವರ್ಷ ನನ್ನ ಕೈಕೆಳಗೆ ಚೀಲದ ಬಟ್ಟೆ ಕತ್ತರಿಸಿದವಳು. ಯಜಮಾನರು ನನ್ನನ್ನು ಕರೆದು, "ಸಂಬಳ ಸಾಲ್ತಿಲ್ವಂತಾ? ಜಾಸ್ತಿ ಮಾಡೋಣ, ಕೇಳಿ ನೋಡಿ" ಅಂದರು.

ಗೇಟಿನ ಹತ್ತಿರ ನಿಲ್ಲಿಸಿ ಕೇಳಿದೆ. ಅವಳು ಸಿಟ್ಟಾಗಲಿಲ್ಲ.

"ಸಂಬಳದ ಮಾತಲ್ಲ ಸಾರ್. ರಟ್ಟಿನ ಅಚ್ಚನ್ನ ಅಡ್ಡ ಇಟ್ಟು ಕತ್ತರಿಸಿದ್ರೆ ಬಟ್ಟೆ ಉಳಿಯುತ್ತೆ ಅಂತ ನಿಮಗೆ ತೋರಿಸಿದ್ದು ನಾನು. ಅದಕ್ಕೆ ಯಜಮಾನ್ರು ನಿಮ್ಮ ಬೆನ್ನು ತಟ್ಟಿದಾಗ ನಾನು ಅಲ್ಲೇ ನಿಂತಿದ್ದೆ."

ಅದಾಗಿ ಎರಡು ವರ್ಷ. ಅವಳಿಗೆ ಕೇಳಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆಮೇಲೆ ಅವಳು ಹೇಳಿದಷ್ಟೇ ಮಾಡುತ್ತಿದ್ದಳು, ಒಂದು ಎಳೆಯೂ ಹೆಚ್ಚಿಲ್ಲ. ಅದನ್ನು ಸೋಮಾರಿತನ ಎಂದು ವರದಿಯಲ್ಲಿ ಬರೆದವನೂ ನಾನೇ.

ತಪ್ಪಾಯಿತು ಅನ್ನಬೇಕಿತ್ತು. "ಈಗ ಬಸ್ಸು ಸಿಗುತ್ತೇನಕ್ಕಾ?" ಅಂದೆ. ಅವಳು ತಲೆಯಾಡಿಸಿ ಹೊರಟುಹೋದಳು. ಒಳಗೆ ಬಂದು ಯಜಮಾನರಿಗೆ, "ಸಂಬಳಕ್ಕೇ ಸಾರ್" ಎಂದುಬಿಟ್ಟೆ.

ಮಲಗಿದರೆ ಅವಳು ಇನ್ನೂ ಅಲ್ಲೇ ನಿಂತ ಹಾಗೆ. ಹೆಂಡತಿಯ ಹತ್ತಿರವಾದರೂ ಹೇಳಿ ಹಗುರಾಗೋಣವೆಂದರೆ, ಬೆನ್ನು ತಟ್ಟಿಸಿಕೊಂಡ ದಿನ ಸಂಜೆ ಅವಳ ಮುಂದೆಯೂ ಅದು ನನ್ನದೇ ಉಪಾಯ ಎಂದು ಕೊಚ್ಚಿಕೊಂಡಿದ್ದೆ.